ಕೈಗಡದ ಕೊಳ್ಳ

ಮಣ್ಣಾಯಿತು. ಒಂಬತ್ತು ದಿನದ ಪ್ರಾರ್ಥನೆಯೂ ಆಯಿತು. ದೂರದ ನೆಂಟರೆಲ್ಲ ಗಾಡಿ ಕಟ್ಟಿಕೊಂಡು ಹೋದ ಮರುದಿನ ಬೆಳಿಗ್ಗೆ, ಲಾ ನೆಬ್ಲಿನಾ ಇನಾಮಿನ ದೊಡ್ಡ ಮನೆಯ ಅಡುಗೆಮನೆಯಿಂದ ಎಂದಿನಂತೆ ಮೆಕ್ಕೆಜೋಳ ಅರೆಯುವ ಸದ್ದು ಬಂತು. ತೊಮಾಸಾ ಹಾಸಿಗೆಯಲ್ಲಿ ಕೂತೇ ಅದನ್ನು ಕೇಳಿದಳು. ಎದ್ದಳು. ಜಡೆ ಹೆಣೆದಳು. ಕರಿ ಲಂಗದ ಲಾಡಿ ಬಿಗಿದಳು. ಎರಡು ಲೋಟ ಚಾಕೊಲೇಟ್ ಕಾಯಿಸಿ ಮೇಜಿನ ಮೇಲಿಟ್ಟ ಮೇಲೆ, ಒಂದು ಲೋಟ ಸಾಕಿತ್ತು ಎಂದು ಹೊಳೆಯಿತು. ಇನ್ನೊಂದನ್ನೂ ತಾನೇ ಕುಡಿದಳು. ಬಿಸಿಯೋ ಸಿಹಿಯೋ ನಾಲಿಗೆಗೆ ತಿಳಿಯಲಿಲ್ಲ.

ಜಗುಲಿಯಲ್ಲಿ ಪ್ಲಾಸಿದೊ ಕಾಯುತ್ತಿದ್ದ. ಮೂವತ್ತು ವರ್ಷದಿಂದ ಆ ಮನೆಯ ಸವಾರರ ಮುಖ್ಯಸ್ಥ ಅವನು. ಹೊತ್ತು ಮೂಡಿದ ಕೂಡಲೇ ಟೊಪ್ಪಿಗೆ ಕೈಯಲ್ಲಿ ಹಿಡಿದು ಬಂದು, ಯಜಮಾನನ ಬಾಯಿಂದ ಆ ದಿನದ ಅಪ್ಪಣೆ ಕೇಳಿಕೊಂಡೇ ಕುದುರೆ ಹತ್ತುತ್ತಿದ್ದ. ಇವತ್ತೂ ಬಂದಿದ್ದ. ಒಂದು ಕಡೆ ಬೆತ್ತದ ಕುರ್ಚಿಯಲ್ಲಿ ದೋನ್ಯಾ ರುಫೀನಾ, ಸತ್ತವನ ತಾಯಿ. ಇನ್ನೊಂದು ಕಡೆ ಬಾಗಿಲಲ್ಲಿ ತೊಮಾಸಾ, ಅವನ ಹೆಂಡತಿ. ಇಬ್ಬರಲ್ಲಿ ಯಾರನ್ನು ಕೇಳಬೇಕೆಂದು ತಿಳಿಯದೆ ಅವನು ನಡುವಿನ ಗೋಡೆಯನ್ನು ನೋಡಿ ಕೇಳಿದ:

"ಇವತ್ತೇನಪ್ಪಣೆ?"

"ಗೋಡೆನ್ಯಾಕೋ ಕೇಳ್ತೀಯ?" ಎಂದಳು ರುಫೀನಾ. "ಗೋಡೆ ಕುದುರೆ ಹತ್ತುತ್ತಾ?"

"ದನ ನೀರಿಗೆ ಹೊಡೀರಿ," ಎಂದಳು ತೊಮಾಸಾ.

"ಬೆರ್ರೋಸ್ ಕೊಳ್ಳಕ್ಕೆ ತಾನೇ, ಅಮ್ಮ?"

"ಇನ್ನೆಲ್ಲಿಗೆ?"

ಪ್ಲಾಸಿದೊ ಹೋಗಲಿಲ್ಲ. ಟೊಪ್ಪಿಗೆಯ ಅಂಚನ್ನು ಬೆರಳಲ್ಲಿ ತಿರುಗಿಸುತ್ತ ನಿಂತ. "ಮೋಜಣಿಯವ್ರು ಹೊಳೆ ಹತ್ರ ಡೇರೆ ಹಾಕಿದಾರೆ. ನಾಳೆ ಬೆಳಿಗ್ಗೆ ಬೆರ್ರೋಸ್ ದಿಣ್ಣೆಗೆ ಬರ್ತಾರಂತೆ. ಯಜಮಾನ್ರು ಬಂದು ಗಡಿ ತೋರಿಸ್ಬೇಕಂತೆ."

ಯಜಮಾನ್ರು ಎಂದ ಮೇಲೆ ತನ್ನ ತಪ್ಪು ತಿಳಿದು ಅವನ ಕಿವಿ ಕೆಂಪಾಯಿತು.

ಈ ದಿನಕ್ಕಾಗಿ ತೊಮಾಸಾಳ ಗಂಡ ಸೆವೆರೊ ಓರ್ದಾಸ್ ತನ್ನ ಹರೆಯವನ್ನೇ ತೇಯ್ದಿದ್ದ. ಅಮೆರಿಕದವರು ಬಂದು ಕ್ಯಾಲಿಫೋರ್ನಿಯಾ ತಮ್ಮದೆಂದ ಮೇಲೆ, ಮೆಕ್ಸಿಕೊ ಸರ್ಕಾರ ಕೊಟ್ಟ ಇನಾಮು ನೆಲಗಳ ಒಡೆಯರೆಲ್ಲ ತಮ್ಮ ಮನೆ ತಮ್ಮದೇ ಎಂದು ಅವರ ಮುಂದೆ ರುಜುವಾತು ಮಾಡಬೇಕಾಯಿತು. ಎಷ್ಟೋ ಮನೆತನಗಳು ವಕೀಲರ ಬಾಗಿಲಲ್ಲೇ ನೆಲ ಕಳಕೊಂಡವು. ಲಾ ನೆಬ್ಲಿನಾ ಉಳಿಯಿತು. ಇನ್ನು ಬಾಕಿ ಇದ್ದುದು ಅಳತೆ ಒಂದೇ. ಸರ್ಕಾರದ ಸರಪಳಿ ಎಲ್ಲಿ ಬೀಳುತ್ತದೋ ಅಲ್ಲಿಗೆ ಗಡಿ. ಆಮೇಲೆ ಅದನ್ನು ದೇವರೂ ಅಲುಗಿಸಲಾರ ಎಂದು ಸೆವೆರೊ ನಗುತ್ತಿದ್ದ. ಆ ನಗೆಯ ವಾರದಲ್ಲೇ ಒಂದು ಸಂಜೆ ಹೋರಿಗೆ ಹಗ್ಗ ಎಸೆಯುತ್ತಿರುವಾಗ ಅವನ ಕುದುರೆಯ ಕಾಲು ನೆಲದ ಅಳಿಲಿನ ಬಿಲದೊಳಗೆ ಇಳಿಯಿತು; ಬಿದ್ದವನು ಮತ್ತೆ ಏಳಲಿಲ್ಲ.

ಪ್ಲಾಸಿದೊ ಹೋದ ಮೇಲೆ ರುಫೀನಾ ಸೊಸೆಯನ್ನು ಕರೆದು ಎದುರಿಗೆ ಕೂರಿಸಿಕೊಂಡಳು.

"ನಾಳೆ ನೀನೇ ಹೋಗ್ಬೇಕು. ನಿಂಗೆ ಅವರ ಭಾಷೆ ಬರುತ್ತೆ. ಮೊಂತೆರೆ ಶಾಲೇಲಿ ಕಲ್ತಿದ್ದು ಯಾವತ್ತಿಗೆ?"

"ಹೋಗ್ತೀನಿ, ಅತ್ತೆ."

"ಬೆರ್ರೋಸ್ ಆಚೆ ದಿಣ್ಣೆ ತೋರಿಸು. ಅದೇ ನಮ್ಮ ಗಡಿ ಅನ್ನು."

ತೊಮಾಸಾ ಲಂಗದ ಲಾಡಿಯನ್ನು ಮತ್ತೆ ಬಿಗಿದಳು.

"ಕೇಳಿಸ್ತಾ?"

"ಕೊಳ್ಳ ನಮ್ಮದಲ್ಲ, ಅತ್ತೆ."

ಬೆರ್ರೋಸ್ ಕೊಳ್ಳ ನೆರೆಯ ಸಣ್ಣ ಇನಾಮಿನದು. ಅದರ ಒಡತಿ ಅನ್ಸೆಲ್ಮಾ, ಪಾದ್ರಿಗಳ ಮಿಷನ್ನಿನ ಗೋಡೆಯೊಳಗೆ ಹುಟ್ಟಿ ಬೆಳೆದ, ಈ ನೆಲದ ಮೂಲ ಜನರಾದ ಇಂಡಿಯನ್ನರ ಮುದುಕಿ. ಮಿಷನ್ ಮುರಿದ ಕಾಲದಲ್ಲಿ ಅವಳ ಗಂಡನಿಗೆ ಆ ತುಂಡು ನೆಲ ಸಿಕ್ಕಿತ್ತು. ಎರಡು ವರ್ಷದ ಹಿಂದೆ, ಭೂಮಿ ನಡುಗಿ ಮನೆಯ ಗೋಡೆಗಳೆಲ್ಲ ಬಿರಿದ ಆ ಜನವರಿಯಲ್ಲಿ, ಲಾ ನೆಬ್ಲಿನಾದ ದೊಡ್ಡ ಬುಗ್ಗೆ ಬತ್ತಿಹೋಯಿತು. ಮಳೆ ಬಂತು, ಹುಲ್ಲು ಬಂತು, ನೀರು ಮಾತ್ರ ಹಿಂದಿರುಗಲಿಲ್ಲ. ಸೆವೆರೊ ಹೊಸ ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಅನ್ಸೆಲ್ಮಾಳ ಅಂಗಳಕ್ಕೆ ಹೋದ. ಕುದುರೆಯಿಂದ ಇಳಿದ. ಟೊಪ್ಪಿಗೆ ತೆಗೆದು ಎದೆಗೆ ಹಿಡಿದ. ಓರ್ದಾಸ್ ಮನೆಯವನೊಬ್ಬ ಇಂಡಿಯನ್ ಹೆಂಗಸಿನ ಮುಂದೆ ಟೊಪ್ಪಿಗೆ ತೆಗೆದದ್ದನ್ನು ತೊಮಾಸಾ ಅವತ್ತೇ ಮೊದಲು ಕಂಡದ್ದು. "ನಮ್ಮ ಬುಗ್ಗೆ ತಿರುಗಿ ಬರೋ ತನಕ ಕೊಳ್ಳಾನ ಕೈಗಡ ಕೊಡಿ, ಚಿಕ್ಕಮ್ಮ. ನೀವು ಕೇಳಿದ ದಿನ ಬಿಟ್ಕೊಡ್ತೀನಿ," ಎಂದಿದ್ದ. ಮುದುಕಿ ಕೈಯಗಲಿಸಿ, "ನಿಮ್ಮದೇ ಅಂದ್ಕೊಳ್ಳಿ," ಎಂದಿದ್ದಳು. ಮಾತು ಅಷ್ಟೇ. ಅಲ್ಲಿಂದ ಸೆವೆರೊ ಕೊಳ್ಳದಲ್ಲಿ ದೊಡ್ಡಿ ಕಟ್ಟಿಸಿದ. ದನಗಳು ಅಲ್ಲೇ ಕುಡಿದು ಅಲ್ಲೇ ಮಲಗತೊಡಗಿದವು.

"ಅವಳೇ ಹೇಳಿದ್ಳಲ್ಲ, ನಿಮ್ಮದೇ ಅಂತ," ಎಂದಳು ರುಫೀನಾ.

"ಅತ್ತೆ, ನಿಮ್ಮ ಬಾಚಣಿಗೆ ಚೆನ್ನಾಗಿದೆ ಅಂತ ಯಾರಾದ್ರೂ ಅಂದ್ರೆ ನೀವೂ ಮರ್ಯಾದೆಗೆ ನಿಮ್ಮದೇ ಅಂತೀರ. ಯಾರಾದ್ರೂ ತಲೆಯಿಂದ ಕಿತ್ಕೊಂಡು ಹೋಗ್ತಾರಾ?"

"ಬಾಚಣಿಗೆ ಮಾತು ಬೇರೆ."

"ಮಾತು ಅದೇ."

ರುಫೀನಾ ಸಮುದ್ರದ ಕಡೆ ತಿರುಗಿದಳು. ಮಂಜು ಇನ್ನೂ ಬಂಡೆಗಳ ತಲೆಯ ಮೇಲೇ ಕೂತಿತ್ತು. ಅವಳ ದನಿ ಈಗ ಜಗಳದ್ದಾಗಿರಲಿಲ್ಲ.

"ನಿಂಗೆ ಈ ನೆಲದ ಕತೆ ಗೊತ್ತಾ? ನಿಮ್ಮ ಮಾವ ಲಾಸರೊ ದಂಡಿನಲ್ಲಿ ಸಾರ್ಜೆಂಟ್. ಸಂಬಳ ಅಂತ ಅವ್ನು ಕಂಡಿದ್ದು ಮೆಣಸಿನಕಾಯಿ, ಹರಕು ಕಂಬಳಿ. ಮುದುಕ ಆಗೋ ಹೊತ್ತಿಗೆ ಗವರ್ನರು ಹೇಳಿದ್ರು, ಕೊಡಕ್ಕೆ ನಮ್ಹತ್ರ ನೆಲ ಬಿಟ್ರೆ ಏನಿಲ್ಲ ಅಂತ. ಇವ್ನು ಹೇಳಿದ, ಹಾಗಾದ್ರೆ ಯಾರೂ ಬೇಡ ಅನ್ನೋ ಮಂಜಿನ ನೆಲ ಕೊಡಿ ಅಂತ. ಎಲ್ರೂ ನಕ್ರು. ಬಂಡೆ ನೆಕ್ಕಿ ಬದುಕ್ತೀಯಾ ಅಂದ್ರು. ನಾನು ಬಂದಾಗ ಇಲ್ಲಿ ಒಂದು ಓಕ್ ಮರ, ಅದರ ಕೆಳಗೆ ಹಸಿ ಚರ್ಮ ಕಟ್ಟಿದ ಸೂರು. ಮಂಜಿಗೆ ಹುಲ್ಲು ಬೇಸಿಗೇಲೂ ಹಸಿರಾಗಿರುತ್ತೆ ಅಂತ ಲಾಸರೊನ ಬಿಟ್ರೆ ಯಾರಿಗೂ ಗೊತ್ತಿರ್ಲಿಲ್ಲ. ಹತ್ತು ವರ್ಷ ಆಗೋ ಹೊತ್ತಿಗೆ ಚರ್ಮ ಕೊಳ್ಳೋ ಬಾಸ್ಟನ್ ಹಡಗು ನಮ್ಮ ಬಂಡೆ ಕೆಳಗೇ ಲಂಗರು ಹಾಕ್ತಿತ್ತು. ಮೇಲಿಂದ ಒಣಗಿದ ಚರ್ಮ ಎಸೆದ್ರೆ ಹಕ್ಕಿ ಥರ ತೇಲ್ಕೊಂಡು ಮರಳಿಗೆ ಇಳೀತಿತ್ತು. ಹಡಗಿನೋರು ಕೆಳಗೆ ನಿಂತು ಚಪ್ಪಾಳೆ ತಟ್ಟೋರು. ನಕ್ಕವ್ರೆಲ್ಲ ಆಮೇಲೆ ನಮ್ಮನೆ ಮದ್ವೆಗೆ ಕುಣಿಯಕ್ಕೆ ಬಂದ್ರು."

"ಗೊತ್ತು, ಅತ್ತೆ."

"ಗೊತ್ತಿದ್ರೆ ನೀರಿಲ್ದೆ ಈ ನೆಲ ಎಷ್ಟು ದಿನ ನಮ್ಮದಾಗಿರುತ್ತೆ ಹೇಳು. ಲಾಸರೊ ಕೊಟ್ಟಿದ್ದು, ನನ್ನ ಮಗ ಉಳಿಸಿದ್ದು. ನಿನ್ನ ಕೈಗೆ ಬಂದು ಹದಿನೈದು ದಿನ ಆಗಿಲ್ಲ."

ಅವಳು ಎದ್ದು ಒಳಗೆ ಹೋದಳು. ತೊಮಾಸಾಳ ಒಳಗೆ ಎಲ್ಲವೂ ಮರಗಟ್ಟಿತ್ತು. ಅತ್ತೆಯ ಮಾತು ನಿಜ ಎಂಬುದಷ್ಟೇ ತಿಳಿಯಿತು. ಬಿಟ್ಟುಕೊಡುತ್ತೇನೆ ಎಂದ ಗಂಡನ ಮಾತೂ ನಿಜವಾಗಿತ್ತು.

ಮಧ್ಯಾಹ್ನ ಅವಳು ಅನ್ಸೆಲ್ಮಾಳ ಮನೆಗೆ ಹೊರಟಳು. ಮುದುಕಿ ಅಂಗಳದಲ್ಲಿ ಕಾಲು ಚಾಚಿ ಜೊಂಡಿನ ಚಾಪೆ ಹೆಣೆಯುತ್ತಿದ್ದಳು. ಏಳಲಿಲ್ಲ. ಪಕ್ಕದ ನೆಲವನ್ನು ಕೈಯಲ್ಲೇ ಸವರಿ ತೋರಿಸಿದಳು.

"ಕೂತ್ಕೋ. ಗಂಜಿ ಕುಡೀತೀಯಾ? ಕರಿ ಬಟ್ಟೆ ಹಾಕ್ಕೊಂಡೋರು ಉಣ್ಣೋದು ಮರೀತಾರೆ."

ಓಕ್ ಕಾಯಿಯ ಗಂಜಿ ಸಪ್ಪಗಿತ್ತು. ತೊಮಾಸಾ ಪೂರ್ತಿ ಕುಡಿದಳು.

"ನಾಳೆ ಅಳತೆಯವ್ರು ಬರ್ತಿದ್ದಾರೆ, ಚಿಕ್ಕಮ್ಮ."

"ಬರ್ಲಿ. ಅಳತೆ ನಾನು ನೋಡದೇ ಇರೋದಾ?" ಮುದುಕಿ ನಕ್ಕಳು. ಅವಳ ಬಾಯಲ್ಲಿ ಮುಂದಿನ ಹಲ್ಲು ಎರಡಿದ್ದವು. "ನಿಮ್ಮ ಮಾವನ ನೆಲ ಅಳೆದದ್ದು ಮುಂಜಾನೆ ಮಂಜಲ್ಲಿ. ಇಬ್ರು ಸವಾರ್ರು, ನಡುವೆ ಚರ್ಮದ ಹಗ್ಗ. ಚರ್ಮದ ಹಗ್ಗ ನೆಂದ್ರೆ ಏನಾಗುತ್ತೆ? ಹಿಗ್ಗುತ್ತೆ. ಹಗ್ಗ ಹಿಗ್ಗಿದ ಹಾಗೆ ನಿಮ್ಮ ನೆಲಾನೂ ಹಿಗ್ತಾ ಹೋಯ್ತು. ನಮ್ಮದನ್ನ ಅಳೆದದ್ದು ಸುಡು ಮಧ್ಯಾಹ್ನ. ಒಣಗಿ ಸುಟ್ಟ ಹಗ್ಗ. ನನ್ನ ಗಂಡ ಹೇಳೋನು, ಒಂದು ಚೊಂಬು ನೀರು ಹಾಕಿ ಸ್ವಾಮಿ ಅಂತ ಬೇಡ್ಕೊಂಡಿದ್ರೆ ಸಾಕಿತ್ತು, ಇನ್ನೊಂದು ಗುಡ್ಡ ಸಿಗ್ತಿತ್ತು ಅಂತ."

ತೊಮಾಸಾಳ ತುಟಿ ಅಲುಗಿತು. ನಗುವೋ ಏನೋ ಅವಳಿಗೇ ತಿಳಿಯಲಿಲ್ಲ.

"ಕೊಳ್ಳ ವಾಪಸ್ ಕೊಡಿ ಅಂತ ನೀವ್ಯಾಕೆ ಕೇಳ್ತಿಲ್ಲ?"

ಹೆಣೆಯುವ ಕೈ ನಿಂತಿತು. "ನನ್ನ ತಾಯಿ ಕಡೆಯೋರಲ್ಲಿ ಒಂದು ಪದ್ಧತಿ ಇದೆ, ಮಗಾ. ಹೋದೋರ ಹೆಸರು ನಾವು ಎತ್ತಲ್ಲ. ಅವ್ರ ಕೈಲಿದ್ದದ್ದನ್ನ ತಿರುಗಿ ಕೇಳಲ್ಲ. ಕೇಳಿದ್ರೆ ಅವ್ರು ದಾರೀಲಿ ನಿಂತ್ಬಿಡ್ತಾರಂತೆ, ಮುಂದಕ್ಕೆ ಹೋಗಲ್ಲ. ನಿನ್ನ ಮನೆಯವನು ಒಳ್ಳೆಯವನು. ಅವನನ್ನ ನಿಲ್ಲಿಸಲ್ಲ ನಾನು."

"ನಾಳೆ ಆಚೆ ದಿಣ್ಣೆ ಮೇಲೆ ಸರಪಳಿ ಬಿದ್ರೆ ಕೊಳ್ಳ ಹೋದ ಹಾಗೇ."

"ಹೌದು."

"ನೀವೇ ಬಂದು ಹೇಳ್ಬಹುದಲ್ಲ, ಅಳತೆಯವ್ರಿಗೆ."

"ನನ್ನ ಮಾತನ್ನ ಆ ಜನ ಬರ್ಕೊಳ್ಳಲ್ಲ. ಗೊತ್ತಿಲ್ವಾ ನಿಂಗೆ? ಬಿಳಿಯರ ವಿಷ್ಯದಲ್ಲಿ ನಮ್ಮ ಸಾಕ್ಷಿ ನಡೆಯಲ್ಲ." ಅವಳು ಮತ್ತೆ ಜೊಂಡು ಎತ್ತಿಕೊಂಡಳು. "ಬರ್ತೀನಿ. ನಿಲ್ತೀನಿ. ನಿಲ್ಲೋದಕ್ಕೆ ಯಾರ ಅಪ್ಪಣೇನೂ ಬೇಡ."

ಮನೆಗೆ ಬಂದು ತೊಮಾಸಾ ಲಾಯದಲ್ಲಿ ಪ್ಲಾಸಿದೊನನ್ನು ಹುಡುಕಿದಳು. ಅವನು ಕುದುರೆಯ ಗೊರಸು ನೋಡುತ್ತಿದ್ದ.

"ಬೆರ್ರೋಸ್ ಇಲ್ದೆ ಹೋದ್ರೆ ಏನಾಗುತ್ತೆ?"

ಅವನು ಗೊರಸು ಕೆಳಗಿಟ್ಟ. "ದನಗಳನ್ನ ಉತ್ತರದ ಕೆರೆ ತನಕ ಹೊಡೀಬೇಕು. ಹೋಗ್ತಾ ಬರ್ತಾ ಸೊರಗ್ತವೆ. ಇಷ್ಟು ಮಂದೆ ಆಗಲ್ಲ. ಅರ್ಧ ಮಾರ್ಬೇಕು."

"ಅರ್ಧ ಉಳಿಯುತ್ತಾ?"

"ಉಳಿಸ್ತೀವಿ. ಆದ್ರೆ ಅಮ್ಮ, ವಸಂತದಲ್ಲಿ ಕರುಗಳಿಗೆ ಮುದ್ರೆ ಒತ್ತೋವಾಗ ನೆರೆಯೋರೆಲ್ಲ ಬರ್ತಾರೆ. ಓರ್ದಾಸ್ ಮನೆ ಮಂದೆ ಇಷ್ಟೇನಾ ಅಂತಾರೆ."

"ಅನ್ಲಿ," ಎಂದಳು. ಹೇಳಿದ ಮೇಲೆ ಆ ಮಾತಿನ ತೂಕ ತಿಳಿಯಿತು. ಬಹಳ ದಿನದ ಮೇಲೆ ಏನೋ ಒಂದರ ತೂಕ ತಿಳಿದಿತ್ತು.

ಊಟದ ಹೊತ್ತಿಗೆ ಅತ್ತೆಗೆ ಹೇಳಿದಳು. ಮುಚ್ಚಿಡುವುದು ಅವಳಿಂದಾಗಲಿಲ್ಲ. "ನಾಳೆ ನಾನು ಈಚೆ ದಿಣ್ಣೆ ತೋರಿಸ್ತೀನಿ, ಅತ್ತೆ. ಕೊಳ್ಳ ಅವರದು ಅಂತೀನಿ."

ರುಫೀನಾ ರೊಟ್ಟಿ ಮುರಿಯುತ್ತಿದ್ದವಳು ತಲೆ ಎತ್ತಲಿಲ್ಲ. "ಕಾಳಿಗೆ ಉಪ್ಪು ಕಮ್ಮಿ," ಎಂದಳು.

ಬೆಳಿಗ್ಗೆ ದಿಣ್ಣೆಯ ಮೇಲೆ ಮಂಜು ಆಗತಾನೇ ಹರಿಯುತ್ತಿತ್ತು. ಮೋಜಣಿದಾರನ ಹೆಸರು ವಿಟ್ಕಂ. ಬಿಸಿಲಿಗೆ ಮೂಗು ಸುಲಿದ, ಸಭ್ಯ, ಅವಸರದ ಮನುಷ್ಯ. ಮೂರು ಕಾಲಿನ ಮೇಲೆ ದುರ್ಬೀನು ನಿಲ್ಲಿಸಿದ್ದ. ಅವನ ಆಳುಗಳು ಸರಪಳಿಯ ಗಂಟು ಬಿಡಿಸುತ್ತಿದ್ದರು. ಕೆಳಗೆ ಕೊಳ್ಳದಲ್ಲಿ ಲಾ ನೆಬ್ಲಿನಾದ ದನಗಳು ನೀರುಸೊಪ್ಪಿನ ನಡುವೆ ಮೊಣಕಾಲುದ್ದ ನಿಂತು ಕುಡಿಯುತ್ತಿದ್ದವು. ಆಚೆ ದಡದ ಓಕ್ ಮರದ ಕೆಳಗೆ ಅನ್ಸೆಲ್ಮಾ ಒಬ್ಬಳೇ ನಿಂತಿದ್ದಳು.

"ನಿಮ್ಮ ದುಃಖದ ಸಮಯದಲ್ಲಿ ತೊಂದರೆ ಕೊಡುತ್ತಿದ್ದೇನೆ, ಮೇಡಂ," ಎಂದ ವಿಟ್ಕಂ ಇಂಗ್ಲಿಷಿನಲ್ಲಿ. "ಬೇಗ ಮುಗಿಸೋಣ. ದೊಡ್ಡಿ ನಿಮ್ಮದು, ದನ ನಿಮ್ಮದು. ಹಾಗಾಗಿ ಗೆರೆ ಆಚೆ ದಿಣ್ಣೆಯ ಮೇಲೆ ಹೋಗುತ್ತದೆ. ಸರಿ ತಾನೇ?"

ಹೌದು ಎಂದರೆ ಸಾಕಿತ್ತು. ಅಷ್ಟೂ ಬೇಡ, ತಲೆ ಆಡಿಸಿದರೆ ಸಾಕಿತ್ತು.

"ಅಲ್ಲ," ಎಂದಳು ತೊಮಾಸಾ. "ನಾವು ನಿಂತಿರುವ ದಿಣ್ಣೆಯೇ ಗಡಿ. ಕೊಳ್ಳ ಆಕೆಯದು. ನನ್ನ ಗಂಡ ನೀರಿಗಾಗಿ ಕೈಗಡ ಪಡೆದಿದ್ದರು."

"ಪತ್ರ ಇದೆಯೇ?"

"ಇಲ್ಲ. ಟೊಪ್ಪಿಗೆ ತೆಗೆದು ಕೇಳಿದ್ದರು."

ಅವನು ದುರ್ಬೀನಿನಿಂದ ಕಣ್ಣು ತೆಗೆದು ಅವಳನ್ನು ನೋಡಿದ. "ಮೇಡಂ, ನಿಮ್ಮ ಒಳಿತಿಗೆ ಹೇಳುತ್ತೇನೆ. ಈ ಕರಾವಳಿಯಲ್ಲಿ ನನಗೆ ಗಡಿ ತೋರಿಸಿದವರೆಲ್ಲ ಬೆರಳು ಉದ್ದ ಮಾಡಿದವರೇ. ಗಿಡ್ಡ ಮಾಡಿದವರನ್ನು ನಾನು ಕಂಡಿಲ್ಲ. ಆ ಹೆಂಗಸಿನ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ."

"ಆಕೆ ಏನೂ ಹೇಳಿಲ್ಲ. ಹೇಳುತ್ತಿರುವವಳು ನಾನು. ನನ್ನ ಮಾತನ್ನು ಬರೆದುಕೊಳ್ಳಬಹುದಲ್ಲ?"

"ಬರೆದುಕೊಳ್ಳುತ್ತೇನೆ," ಎಂದ ವಿಟ್ಕಂ.

ಅಷ್ಟರಲ್ಲಿ ಕೆಳಗಿನಿಂದ ಕಿವಿ ಕೊರೆಯುವ ಕಿರುಚು ಕೇಳಿತು. ಎಣ್ಣೆ ಕಾಣದ ಮರದ ಗಾಲಿಗಳ ಕಿರುಚು. ಎತ್ತಿನ ಗಾಡಿ ದಿಣ್ಣೆ ಏರುತ್ತಿತ್ತು. ಮುಂದೆ ಪ್ಲಾಸಿದೊ ಕುದುರೆಯ ಮೇಲೆ, ಗಾಡಿಯಲ್ಲಿ ಬೆತ್ತದ ಕುರ್ಚಿ, ಕುರ್ಚಿಯಲ್ಲಿ ದೋನ್ಯಾ ರುಫೀನಾ. ಮದುವೆ ಹಬ್ಬಗಳಿಗೆ ಮಾತ್ರ ಪೆಟ್ಟಿಗೆಯಿಂದ ತೆಗೆಯುವ ಕರಿ ರೇಷ್ಮೆ ಶಾಲು ಹೊದ್ದಿದ್ದಳು. ಗಾಡಿ ನಿಂತಿತು. ಪ್ಲಾಸಿದೊ ಕೈ ಕೊಟ್ಟು ಇಳಿಸಿದ.

"ಏನಂತಾನೆ ಸುಲಿದ ಮೂಗಿನೋನು?"

"ಬರ್ಕೊಳ್ತೀನಿ ಅಂತಾರೆ."

"ನೀನು ಹೇಳಿ ಆಯ್ತಾ?"

"ಆಯ್ತು, ಅತ್ತೆ."

ರುಫೀನಾ ಕೊಳ್ಳವನ್ನು ಒಮ್ಮೆ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ನೀರನ್ನು ನೋಡಿದಳು, ದನಗಳನ್ನು ನೋಡಿದಳು. ಕೊನೆಗೆ ಓಕ್ ಮರದ ಕೆಳಗಿನ ಮುದುಕಿಯನ್ನು ನೋಡಿದಳು. ತೊಮಾಸಾ ಬೈಗುಳಕ್ಕೆ ಕಾದಳು.

"ಹೀಗೆ ಗೊಣಗಿ ಕೊಡ್ತಾರಾ ಯಾರಾದ್ರೂ?" ಎಂದಳು ರುಫೀನಾ. "ಯಾರಿಗೂ ತಿಳಿಯದ ಭಾಷೇಲಿ, ಒಬ್ಬನ ಕಿವೀಲಿ! ನಾಳೆ ಊರೋರು ಏನಂತಾರೆ? ಓರ್ದಾಸ್ ವಿಧವೆ ಹೆದರಿ ಬಿಟ್ಕೊಟ್ಳು, ಅಮೆರಿಕದ ಗ್ರಿಂಗೊಗಳ ಸರಪಳಿ ಕಿತ್ಕೊಂಡ್ತು ಅಂತಾರೆ. ನಮ್ಮ ಹತ್ರ ಕಿತ್ಕೊಳ್ಳಕ್ಕೆ ಯಾವನಿಗೂ ಆಗಿಲ್ಲ. ಕೊಡೋದಾದ್ರೆ ಕೊಡೋ ಹಾಗೆ ಕೊಡು."

"ಕೊಡೋದು ಹೇಗೆ?"

"ನಿಂಗೆ ಮೊಂತೆರೇಲಿ ಅದೊಂದು ಬಿಟ್ಟು ಎಲ್ಲ ಹೇಳ್ಕೊಟ್ಟಿದಾರೆ. ನ್ಯಾಯಾಧೀಶರು ಬಂದು ಲಾಸರೊಗೆ ಈ ನೆಲ ಒಪ್ಪಿಸಿದ ದಿನ ನಾನು ಇಲ್ಲೇ ನಿಂತಿದ್ದೆ. ನೋಡಿದೋರಲ್ಲಿ ಉಳಿದಿರೋಳು ನಾನೊಬ್ಳೇ. ಪ್ಲಾಸಿದೊ, ಹುಡುಗ್ರಿಗೆ ಟೊಪ್ಪಿಗೆ ತೆಗೀಲಿಕ್ಕೆ ಹೇಳು. ಇವನಿಗೂ ಹೇಳು."

ತೊಮಾಸಾ ಇಂಗ್ಲಿಷಿನಲ್ಲಿ ಹೇಳಿದಳು. ವಿಟ್ಕಂ ಅವಳ ಮುಖ ನೋಡಿದ, ಮುದುಕಿಯ ಮುಖ ನೋಡಿದ, ಟೊಪ್ಪಿಗೆ ತೆಗೆದ. ಸರಪಳಿಯ ಆಳುಗಳೂ ತೆಗೆದರು.

ದಿಣ್ಣೆ ಇಳಿದು, ನೀರು ದಾಟಿ, ಎಲ್ಲರೂ ಓಕ್ ಮರದ ಬಳಿ ಬಂದರು. ರುಫೀನಾಳ ಶಾಲಿನ ಅಂಚು ಒದ್ದೆಯಾಯಿತು. ಅವಳು ಎತ್ತಿಕೊಳ್ಳಲಿಲ್ಲ. ಇಬ್ಬರು ಮುದುಕಿಯರು ಎದುರುಬದುರಾದರು. ಇಷ್ಟು ವರ್ಷದಲ್ಲಿ ರುಫೀನಾ ಅವಳನ್ನು ಹೆಸರು ಹಿಡಿದು ಕರೆದದ್ದಿಲ್ಲ. ಮಿಷನ್ ಮುದುಕಿ ಎನ್ನುತ್ತಿದ್ದಳು.

"ದೋನ್ಯಾ ಅನ್ಸೆಲ್ಮಾ," ಎಂದಳು ಈಗ, ದೊಡ್ಡ ಮನೆಯ ಹೆಂಗಸರನ್ನು ಮರ್ಯಾದೆಯಿಂದ ಕರೆಯುವ ಹಾಗೆ.

"ಹೇಳಿ, ದೋನ್ಯಾ ರುಫೀನಾ."

"ನನ್ನ ಸೊಸೆಗೆ ನೆಲ ಒಪ್ಪಿಸೋ ರೀತಿ ಗೊತ್ತಿಲ್ಲ. ಎಳೇದು. ನಾನು ಹೇಳ್ಕೊಡ್ತೀನಿ, ತಪ್ಪು ತಿಳೀಬೇಡಿ."

"ನಂಗೂ ಗೊತ್ತಿಲ್ಲ. ನಮಗೆ ಕೊಟ್ಟಾಗ ನನ್ನ ಗಂಡನ್ನ ಮಾತ್ರ ಕರೆದಿದ್ರು."

"ಇವತ್ತು ನಿಮ್ಮನ್ನೇ ಕರೆದಿದೆ," ಎಂದಳು ರುಫೀನಾ. ಸೊಸೆಯ ಕಡೆ ತಿರುಗಿದಳು. "ಅವರ ಕೈ ಹಿಡಿ. ಆ ಕೈ ಅಲ್ಲ, ಬಲಗೈ. ನೆಲದ ಮೇಲೆ ನಡೆಸು. ನೀನು ಮುಂದೆ ಹೋಗ್ಬೇಡ, ಪಕ್ಕದಲ್ಲಿ."

ತೊಮಾಸಾ ಕೈ ಹಿಡಿದಳು. ಜೊಂಡು ಹೆಣೆದು ಗಟ್ಟಿಯಾದ ಕೈ, ಬೆಚ್ಚಗಿತ್ತು. ಇಬ್ಬರೂ ನೀರಿನ ಅಂಚಿನುದ್ದಕ್ಕೂ ನಡೆದರು. ದನಗಳು ತಲೆ ಎತ್ತಿ ನೋಡಿ ಮತ್ತೆ ಕುಡಿಯತೊಡಗಿದವು. ರುಫೀನಾ ಹಿಂದಿನಿಂದ ಹೇಳಿದಂತೆ ಅನ್ಸೆಲ್ಮಾ ಬಗ್ಗಿ ಹುಲ್ಲು ಕಿತ್ತಳು. ಓಕಿನ ಕೊಂಬೆ ಮುರಿದಳು. ಕಲ್ಲು ಆರಿಸಿ ಸಮುದ್ರದ ಕಡೆಗೆ, ಬೆಟ್ಟದ ಕಡೆಗೆ, ಎಡಕ್ಕೆ, ಬಲಕ್ಕೆ ಎಸೆದಳು. ಕೊನೆಯ ಕಲ್ಲು ಸರಪಳಿಯ ಆಳಿನ ಕಾಲ ಹತ್ತಿರ ಬಿತ್ತು. ಅವನು ಹಿಂದಕ್ಕೆ ಹಾರಿದ. ಪ್ಲಾಸಿದೊ ಕೆಮ್ಮಿನಲ್ಲಿ ನಗು ಮುಚ್ಚಿದ.

"ಎಲ್ರಿಗೂ ಕೇಳೋ ಹಾಗೆ, ಯಾರಾದ್ರೂ ಅಡ್ಡಿ ಮಾಡೋರಿದ್ರೆ ಹೇಳಿ ಅಂತ ಕೇಳು," ಎಂದಳು ರುಫೀನಾ.

ತೊಮಾಸಾ ಸ್ಪ್ಯಾನಿಷಿನಲ್ಲಿ ಕೂಗಿ ಕೇಳಿದಳು. ಇಂಗ್ಲಿಷಿನಲ್ಲೂ ಕೇಳಿದಳು. ತನ್ನ ದನಿ ಇಷ್ಟು ದೊಡ್ಡದಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಅದು ಆಚೆ ದಿಣ್ಣೆಗೆ ಬಡಿದು ತಿರುಗಿ ಬಂತು. ಅಡ್ಡಿ ಮಾಡಬಹುದಾಗಿದ್ದ ಒಬ್ಬಳೇ ಒಬ್ಬಳು ಒದ್ದೆ ಶಾಲು ಹೊದ್ದು, ಗದ್ದ ಎತ್ತಿ, ಬಾಯಿ ಬಿಗಿದು ನಿಂತಿದ್ದಳು.

ವಿಟ್ಕಂ ಬರೆದುಕೊಂಡ. ಏನೆಂದು ಯಾರೂ ಕೇಳಲಿಲ್ಲ.

"ಪ್ಲಾಸಿದೊ," ಎಂದಳು ತೊಮಾಸಾ. "ದನ ಹೊರಡಿಸು. ಉತ್ತರದ ಕೆರೆಗೆ."

"ಅಪ್ಪಣೆ, ಯಜಮಾನ್ತಿ," ಎಂದ ಅವನು ಅವಳ ಮುಖ ನೋಡಿಯೇ.

ಸವಾರರು ಸಿಳ್ಳೆ ಹಾಕಿದರು. ಮಂದೆ ನೀರಿನಿಂದ ಕಾಲು ಕಿತ್ತು ನಿಧಾನವಾಗಿ ದಿಣ್ಣೆ ಏರಿತು. ಕೊಳ್ಳದ ಕದಡಿದ ನೀರು ತಿಳಿಯಾಗುವ ತನಕ ತೊಮಾಸಾ ಕಾದಳು. ಆಮೇಲೆ ದೊಡ್ಡಿಯ ಬಳಿ ಹೋಗಿ, ಬಾಗಿಲಿನ ಅಡ್ಡಗಳುಗಳನ್ನು ಒಂದೊಂದಾಗಿ ಎಳೆದು ಅನ್ಸೆಲ್ಮಾಳ ಕಾಲ ಬಳಿ ಇಟ್ಟಳು.

"ಸೆವೆರೊ ಕೈಗಡ ತಗೊಂಡಿದ್ದು," ಎಂದಳು. "ನೀವು ಆ ಹೆಸರು ಎತ್ತಬೇಡಿ, ಚಿಕ್ಕಮ್ಮ. ನಾನು ಎತ್ತುತ್ತೀನಿ. ತಗೊಳ್ಳಿ."